ಕೂಸಿನ ಗ್ಯಾಸ್: ಎಲ್ಲಿಂದ ಹೊಕ್ಕಿತು, ಹೇಗೆ ಹೊರಡಿಸುವುದು

ಸಂಜೆ ಏಳರ ಹೊತ್ತಿಗೆ ಕೂಸು ಮುಖ ಕೆಂಪಗೆ ಮಾಡಿ, ಕಾಲು ಮಡಚಿ ಕಿರುಚತೊಡಗಿದರೆ, ಮುಂಬಯಿ ಬಳಿಯ ಡೊಂಬಿವಲಿಯ ಕನ್ನಡ ಮನೆಗೆ ಬಾಣಂತನಕ್ಕೆಂದು ಬಂದ ಅಜ್ಜಿ ‘ಹೊಟ್ಟೆ ಉಬ್ಬರಿಸಿದೆ’ ಎನ್ನುತ್ತಾರೆ. ಎಣ್ಣೆ ಹಚ್ಚಲು ಬರುವ ಮಾಲಿಶ್ ಬಾಯಿ ಮರಾಠಿಯಲ್ಲಿ ‘ಬಾಳಾಲಾ ಗ್ಯಾಸ್ ಝಾಲಾಯ್’ (ಕೂಸಿಗೆ ಗ್ಯಾಸ್ ಆಗಿದೆ) ಎನ್ನುತ್ತಾಳೆ. ಇಬ್ಬರೂ ಹೇಳುತ್ತಿರುವುದು ಹೊಟ್ಟೆ, ಕರುಳಿನಲ್ಲಿ ಸೇರಿಕೊಂಡ ಗಾಳಿಯ ಮಾತನ್ನೇ. ಹಾಲು ಕುಡಿಯುವಾಗ, ಅಳುವಾಗ, ಬರಿದೇ ಚೀಪುವಾಗ ನುಂಗಿದ ಗಾಳಿ ಬಹುಪಾಲು ತೇಗಾಗಿ ಹೋಗುತ್ತದೆ. ಜೀರ್ಣವಾಗದೆ ಉಳಿದ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ದೊಡ್ಡ ಕರುಳಿನ ಬ್ಯಾಕ್ಟೀರಿಯಾದಿಂದ ಹುಳಿತು ಹುಟ್ಟುವ ಗಾಳಿ ಹೂಸಾಗಿ ಹೋಗುತ್ತದೆ. ದಿನಕ್ಕೆ ಹತ್ತಿಪ್ಪತ್ತು ಸಲ ಹೂಸು ಬಿಟ್ಟು, ಚೆನ್ನಾಗಿ ಹಾಲು ಕುಡಿದು, ತೂಕ ಏರುತ್ತಿರುವ ಕೂಸಿನ ಬಗ್ಗೆ ಚಿಂತೆ ಬೇಡ.

ಅಳುವಿಗೂ ಗ್ಯಾಸಿಗೂ ನಂಟಿದೆ, ಆದರೆ ಅದು ನಾವು ಅಂದುಕೊಂಡದ್ದಕ್ಕಿಂತ ಉಲ್ಟಾ ಇರುವುದೇ ಹೆಚ್ಚು. ಅತ್ತಷ್ಟೂ ಕೂಸು ಗಾಳಿ ನುಂಗುತ್ತದೆ, ಹೊಟ್ಟೆ ಬಿಗಿಯುತ್ತದೆ, ಕೈಯಿಟ್ಟು ನೋಡಿದವರು ‘ಗ್ಯಾಸಿನಿಂದಲೇ ಅಳುತ್ತಿದೆ’ ಎನ್ನುತ್ತಾರೆ. ಆರೋಗ್ಯವಾಗಿರುವ ಕೂಸು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅತ್ತರೆ ಅದನ್ನು ಕೋಲಿಕ್ ಎನ್ನುವ ಲೆಕ್ಕವನ್ನು 1954ರಲ್ಲಿ ವೆಸೆಲ್ ಎಂಬ ಮಕ್ಕಳ ವೈದ್ಯರು ಕೊಟ್ಟರು. ಈ ಅಳು ಆರನೇ ವಾರದ ಸುಮಾರಿಗೆ ತಾರಕಕ್ಕೇರಿ, ಮೂರು-ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಯಾವ ಔಷಧಿ ನಡೆಯುತ್ತಿತ್ತೋ ಅದಕ್ಕೇ ಹೆಸರು ಬರುತ್ತದೆ!

ಹಾಗಾಗಿ ಮೊದಲು ನೋಡಬೇಕಾದ್ದು ಗಾಳಿ ಒಳಗೆ ಹೋಗುವ ಜಾಗ. ಮೊಲೆ ಹಿಡಿದ ಕೂಸಿನ ಬಾಯಿ ಅಗಲಕ್ಕೆ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ಮೊಲೆಗೆ ತಾಗಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಕೆಳಗಡೆಗಿಂತ ಮೇಲ್ಗಡೆ ಹೆಚ್ಚು ಕಾಣಬೇಕು. ಚೀಪುವಾಗ ‘ಟಕ್ ಟಕ್’ ಎಂದರೆ ಹಿಡಿತ ಬಿಡುತ್ತಿದೆ, ಗಾಳಿ ಸೇರುತ್ತಿದೆ ಎಂದೇ ಅರ್ಥ. ಎಳೆಯದೆ, ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಒಂದು ಕಡೆ ಪೂರ್ತಿ ಕುಡಿದ ಮೇಲೆಯೇ ಇನ್ನೊಂದು ಕಡೆ. ಎರಡೆರಡು ನಿಮಿಷಕ್ಕೆ ಬದಲಿಸಿದರೆ ಲ್ಯಾಕ್ಟೋಸ್ ಹೆಚ್ಚಿರುವ ತೆಳು ಹಾಲೇ ಹೊಟ್ಟೆ ತುಂಬಿ, ಹಸಿರು ನೊರೆನೊರೆ ಭೇದಿಯೂ ಗ್ಯಾಸೂ ಆಗಬಹುದು.

ಬಾಟಲಿಯಾದರೆ ನಿಪ್ಪಲ್ ತುಂಬ ಹಾಲು ಇರುವಂತೆ ಓರೆ ಹಿಡಿಯಬೇಕು. ಪುಡಿ ಹಾಲನ್ನು ಜೋರಾಗಿ ಕುಲುಕಿದ್ದರೆ ನೊರೆ ಇಳಿಯುವವರೆಗೆ ಕಾಯಿರಿ. ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ) ಕುಡಿಸುವವರು ಕೂಸನ್ನು ಅರ್ಧ ಎದ್ದು ಕೂತ ಭಂಗಿಯಲ್ಲಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ ಗುಟುಕು ಗುಟುಕಾಗಿ ಬಿಡಬೇಕು.

ತೇಗಿಸುವಾಗ ಭುಜದ ಮೇಲೆ ಹಾಕಿಕೊಳ್ಳಬಹುದು, ಇಲ್ಲವೇ ತೊಡೆ ಮೇಲೆ ಕೂರಿಸಿ ದವಡೆ ಮೂಳೆಗೆ ಅಂಗೈ ಆಸರೆ ಕೊಡಬಹುದು. ಗಂಟಲಿಗೆ ಮಾತ್ರ ಬೆರಳು ಒತ್ತಬಾರದು. ಬೆನ್ನನ್ನು ಕೆಳಗಿಂದ ಮೇಲಕ್ಕೆ ಸವರಿ. ಐದು ನಿಮಿಷಕ್ಕೆ ತೇಗು ಬರದಿದ್ದರೆ ಬಿಟ್ಟುಬಿಡಿ. ಚಂಡೀಗಢದಲ್ಲಿ 71 ತಾಯಿ-ಮಗು ಜೋಡಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ತೇಗಿಸುವುದರಿಂದ ಕೋಲಿಕ್ ಕಡಿಮೆಯಾಗಲಿಲ್ಲ, ಹಾಲು ಕಕ್ಕುವುದು ಮಾತ್ರ ಹೆಚ್ಚಿತು. ತೇಗಿಗಾಗಿ ನಿದ್ದೆ ಬಂದ ಕೂಸನ್ನು ಅರ್ಧ ಗಂಟೆ ಬಡಿಯುವುದರಲ್ಲಿ ಲಾಭವಿಲ್ಲ.

ಕೆಳಗೆ ಸೇರಿದ ಗಾಳಿಗೆ ಕೈಕಾಲಿನ ಆಟವೇ ಮದ್ದು. ಹಾಲು ಕುಡಿದು ಅರ್ಧ ಗಂಟೆಯಾದ ಮೇಲೆ ಅಂಗಾತ ಮಲಗಿಸಿ, ಎರಡೂ ಮೊಣಕಾಲನ್ನು ಮೆಲ್ಲಗೆ ಹೊಟ್ಟೆಗೆ ಒತ್ತಿ ಐದೆಣಿಸಿ ಬಿಡಿ. ಆಮೇಲೆ ಸೈಕಲ್ ತುಳಿಸಿ. ಹೊಟ್ಟೆ ನೀವುವುದು ಕರುಳಿನ ದಾರಿಯಲ್ಲೇ ಇರಲಿ: ಕೂಸಿನ ಬಲ ತೊಡೆಸಂದಿಯಿಂದ ಮೇಲಕ್ಕೆ, ಪಕ್ಕೆಲುಬಿನ ಕೆಳಗೆ ಅಡ್ಡಲಾಗಿ ಎಡಕ್ಕೆ, ಅಲ್ಲಿಂದ ಕೆಳಕ್ಕೆ. ಮಾಲಿಶ್ ಬಾಯಿ ಹಿಟ್ಟು ನಾದುವ ಹಾಗೆ ಒತ್ತುತ್ತಿದ್ದರೆ ಸಂಕೋಚಪಡದೆ ‘ಹಳೂ’ (ಮೆಲ್ಲಗೆ) ಎನ್ನಿ. ಎಚ್ಚರವಿರುವಾಗ, ನೀವು ಎದುರಿಗಿರುವಾಗ ಬೋರಲು ಹಾಕಬಹುದು. ನಿದ್ದೆಗೆ ಮಾತ್ರ ಅಂಗಾತವೇ.

ಇನ್ನು ಬಾಯಿಗೆ ಹಾಕುವ ವಸ್ತುಗಳು. ಬಾಳಘುಟ್ಟಿ ಎಂದರೆ ಬಜೆ, ಅಳಲೆಕಾಯಿ, ಜ್ಯೇಷ್ಠಮಧು, ಜಾಯಿಕಾಯಿ ಇತ್ಯಾದಿಗಳನ್ನು ಸಾಣೆಕಲ್ಲಿನ ಮೇಲೆ ಒಂದೊಂದು ಸುತ್ತು ತೇಯ್ದು ನೆಕ್ಕಿಸುವುದು. ಇಲ್ಲಿ ಅಳತೆ ಎಂದರೆ ಸುತ್ತು. ಒಬ್ಬರ ಕೈಯ ಸುತ್ತು ಇನ್ನೊಬ್ಬರದಕ್ಕೆ ಎರಡರಷ್ಟಿರುತ್ತದೆ. ಜಾಯಿಕಾಯಿ ಹೆಚ್ಚಾದರೆ ಕೂಸು ಮಂಪರಿಗೆ ಹೋಗುತ್ತದೆ, ಮನೆಯವರು ಗ್ಯಾಸ್ ಇಳಿಯಿತು ಎಂದುಕೊಳ್ಳುತ್ತಾರೆ. ಕಲ್ಲು, ನೀರು ಶುಚಿಯಿಲ್ಲದಿದ್ದರೆ ಭೇದಿ ಬೇರೆ. ಜೇನಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ: ಅದರಿಂದ ಬಾಟುಲಿಸಂ ಎಂಬ ನರಗಳ ಕಾಯಿಲೆ ಬರಬಹುದು. ಹೊಕ್ಕುಳ ಬಳ್ಳಿ ಬಿದ್ದು ಒಣಗಿದ ಮೇಲೆ ಸುತ್ತ ಇಂಗಿನ ನೀರು ಹಚ್ಚಿದರೆ ಅಡ್ಡಿಯಿಲ್ಲ, ಕುಡಿಸಿದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಕಿಟಕಿ ಮುಚ್ಚಿದ ಒಂದು ಕೋಣೆಯ ಮನೆಯಲ್ಲಿ ಓಮದ ಹೊಗೆ ಹಾಕುವುದೂ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಅಂಗಡಿಯ ಹನಿಗಳಲ್ಲಿರುವ ಸಿಮೆಥಿಕೋನ್ ಸಣ್ಣ ಗುಳ್ಳೆಗಳನ್ನು ಕೂಡಿಸಿ ದೊಡ್ಡದು ಮಾಡುತ್ತದೆ. ಅಪಾಯ ಕಡಿಮೆ, ಆದರೆ ಕೋಲಿಕ್‌ನಲ್ಲಿ ಔಷಧಿಯೇ ಇಲ್ಲದ ಹುಸಿ ಹನಿಗಿಂತ ಹೆಚ್ಚಿನ ಗುಣ ಪರೀಕ್ಷೆಗಳಲ್ಲಿ ಕಂಡಿಲ್ಲ. ಲೇಬಲ್ಲಿನಲ್ಲಿ ‘ಡೈಸೈಕ್ಲೋಮಿನ್’ ಇದೆಯೇ ನೋಡಿ: ಆರು ತಿಂಗಳೊಳಗಿನ ಮಕ್ಕಳಿಗೆ ಅದು ಉಸಿರಿನ ತೊಂದರೆ ತರಬಹುದು, ಕೊಡಬಾರದು. ಮೆಡಿಕಲ್‌ನವನ ಮಾತಿನ ಮೇಲೆ ಯಾವ ಹನಿಯನ್ನೂ ತರಬೇಡಿ.

ಬಾಣಂತಿಗೆ ಬೇಳೆ, ಬಟಾಟೆ, ಎಲೆಕೋಸು ಬಂದ್ ಮಾಡುವುದರಿಂದ ಪ್ರಯೋಜನವಿಲ್ಲ. ಅವುಗಳಿಂದ ಆಗುವ ವಾಯು ತಾಯಿಯ ಕರುಳಿನಲ್ಲೇ ಉಳಿಯುತ್ತದೆ, ಎದೆಹಾಲಿಗೆ ಇಳಿಯುವುದಿಲ್ಲ. ಹಸುವಿನ ಹಾಲಿನ ಪ್ರೋಟೀನು ಮಾತ್ರ ಇಳಿಯುತ್ತದೆ. ಕೂಸಿನ ಮಲದಲ್ಲಿ ಲೋಳೆ, ರಕ್ತದ ಗೆರೆ, ಮೈಮೇಲೆ ತುರಿಸುವ ಇಸಬು (ಎಕ್ಸಿಮಾ) ಇದ್ದರೆ ಡಾಕ್ಟರು ತಾಯಿಗೆ ಎರಡರಿಂದ ನಾಲ್ಕು ವಾರ ಹಾಲು-ಮೊಸರು ಬಿಡಿಸಿ ನೋಡುತ್ತಾರೆ.

ಹತ್ತು ನಿಮಿಷ ತಿಣುಕಿ, ಅತ್ತು, ಕೊನೆಗೆ ಮೆತ್ತಗಿನ ಕಕ್ಕ ಮಾಡುವ ಎಳೆಗೂಸಿಗೆ ಗ್ಯಾಸೂ ಇಲ್ಲ, ಮಲಬದ್ಧತೆಯೂ ಇಲ್ಲ. ತಿಣುಕುವುದನ್ನೂ ಗುದವನ್ನು ಸಡಿಲಿಸುವುದನ್ನೂ ಒಟ್ಟಿಗೆ ಮಾಡಲು ಅದಿನ್ನೂ ಕಲಿತಿಲ್ಲ, ಅಷ್ಟೇ. ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ತೂರಿಸಬೇಡಿ, ಗಾಯವಾಗುತ್ತದೆ.

ಹಸಿರು ವಾಂತಿ, ಚಿಮ್ಮುವ ವಾಂತಿ, ಮಲದಲ್ಲಿ ರಕ್ತ, ಕಲ್ಲಿನಂತೆ ಬಿಗಿದ ಹೊಟ್ಟೆ, ಹಾಲು ಮುಟ್ಟದೆ ಸೋತು ಮಲಗುವುದು, ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ, ಅಥವಾ ಬಿಟ್ಟು ಬಿಟ್ಟು ಚೀರಿ ಬಿಳಿಚಿಕೊಳ್ಳುವುದು ಕಂಡರೆ ಮನೆಮದ್ದಿಗೆ ಸಮಯವಿಲ್ಲ. ಮುಂಬಯಿಯ ಪರೇಲಿನಲ್ಲಿರುವ ವಾಡಿಯಾ ಮಕ್ಕಳ ಆಸ್ಪತ್ರೆಗೋ ಹತ್ತಿರದ ಮಕ್ಕಳ ವೈದ್ಯರಲ್ಲಿಗೋ ಆಗಲೇ ಹೊರಡಿ. ಕಲೆಯಾದ ಲಂಗೋಟಿಯನ್ನು ತೊಳೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಜೊತೆಗೆ ಒಯ್ಯಿರಿ. ಡಾಕ್ಟರಿಗೆ ಅದನ್ನು ನೋಡಿದರೇ ಅರ್ಧ ವಿಷಯ ತಿಳಿಯುತ್ತದೆ.