ಬ್ಲಾಕ್ ಫಿಲ್ಲರ್ ಬೋರನ್ನು ಉಳಿಸುತ್ತದೆ, ಬ್ಲಾಕನ್ನಲ್ಲ

ಎಂಜಿನ್ ಬ್ಲಾಕಿನಲ್ಲಿ (ಸಿಲಿಂಡರ್‌ಗಳಿರುವ ಎರಕದ ಒಡಲು) ಪಿಸ್ಟನ್ ಓಡಾಡುವ ಸಿಲಿಂಡರ್ ಗೋಡೆ ಅಲುಗಾಡದ ಕಬ್ಬಿಣ ಎಂದೇ ಹೆಚ್ಚಿನವರು ನಂಬಿದ್ದಾರೆ. ಅದು ತೆಳ್ಳನೆಯ ಕೊಳವೆ, ಹಿಂದೆ ಇರುವುದು ನೀರು ಮಾತ್ರ. ಅಮೆರಿಕದ ಡ್ರ್ಯಾಗ್ ರೇಸಿಗರ ಅಚ್ಚುಮೆಚ್ಚಿನ ಷೆವರ್ಲೆ 350 ವಿ8 ಎಂಜಿನ್ನಿನ ಬೋರ್ (ಸಿಲಿಂಡರ್‌ನ ಒಳವ್ಯಾಸ) 4 ಇಂಚು. ಸವೆದ ಬ್ಲಾಕನ್ನು 30 ಥೌ (ಇಂಚಿನ ಸಾವಿರದಲ್ಲಿ 30 ಭಾಗ) ಓವರ್‌ಸೈಜ್ ಮಾಡಿಸಿ, ಅಂದರೆ ಬೋರನ್ನು ಅಷ್ಟು ಅಗಲಿಸಿ, ಮೇಲೆ ಟರ್ಬೊ ಕೂರಿಸಿದರೆ, ಪಿಸ್ಟನ್ ಪಕ್ಕಕ್ಕೆ ಒತ್ತುವ ಬಲಕ್ಕೆ ಗೋಡೆ ಬಾಗುತ್ತದೆ. ಬೋರ್ ದುಂಡಗಿರದಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಹಿಡಿತ ತಪ್ಪುತ್ತದೆ, ಗ್ಯಾಸ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿದು, ಅದರ ಗಾಳಿ ಹೊರಬಿಡುವ ಬ್ರೀದರ್‌ನಿಂದ ಆಯಿಲ್ ಉಗುಳತೊಡಗುತ್ತದೆ.

ಇದಕ್ಕೆ ಮದ್ದು ಫಿಲ್ಲರ್. ವಾಟರ್ ಜಾಕೆಟ್‌ಗೆ (ಸಿಲಿಂಡರ್ ಸುತ್ತ ನೀರು ಹರಿಯುವ ಪೊಳ್ಳು) ಸುರಿಯುವ, ಗಟ್ಟಿಯಾಗುವಾಗ ಕುಗ್ಗದ ಗ್ರೌಟ್, ಅಂದರೆ ಗಾರೆಯಂಥ ಮಿಶ್ರಣ ಇದು. ಮಾಮೂಲಿ ಸಿಮೆಂಟ್ ಒಣಗುತ್ತಾ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಅದನ್ನು ಬಳಸಲೇಬೇಡಿ.

ರಸ್ತೆಯಲ್ಲೂ ಓಡುವ ಗಾಡಿಗೆ ವಾಟರ್ ಪಂಪ್ ರಂಧ್ರದ ಕೆಳಅಂಚಿನವರೆಗೆ ಸಾಕು. ಬೆಂಕಿಯ ಕಾವು ಹೆಚ್ಚಾಗಿ ತಾಗುವ ಮೇಲ್ಭಾಗಕ್ಕೆ ಆಗಲೂ ನೀರು ಸಿಗುತ್ತದೆ. ಕೆಳಗಿನ ಬಿಸಿಯನ್ನು ಮಾತ್ರ ಆಯಿಲ್ಲೇ ಹೊರಬೇಕು, ಹಾಗಾಗಿ ಆಯಿಲ್ ಕೂಲರ್ ಬೇಕೇ ಬೇಕು. ಮೇಲಿನವರೆಗೂ ತುಂಬುವುದು ಕಾಲು ಮೈಲಿ ಓಡಿ ನಿಲ್ಲುವ ಗಾಡಿಗೆ ಮಾತ್ರ.

ಕೆಲಸದ ಅನುಕ್ರಮದಲ್ಲಿ ರಾಜಿ ಬೇಡ. ಜಾಕೆಟ್‌ನ ತುಕ್ಕು, ಕೆಸರು ಪೂರಾ ಹೋಗಬೇಕು, ಇಲ್ಲದಿದ್ದರೆ ಫಿಲ್ಲರ್ ಕಬ್ಬಿಣಕ್ಕೆ ಅಂಟದು. ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿಡುವ ಮೇನ್ ಕ್ಯಾಪ್‌ಗಳನ್ನು ಟಾರ್ಕ್ ಕೊಟ್ಟು ಬಿಗಿಯಿರಿ, ಡೆಕ್ (ಬ್ಲಾಕಿನ ಮೇಲ್ಮೈ) ಮೇಲೆ ಟಾರ್ಕ್ ಪ್ಲೇಟ್ (ಸಿಲಿಂಡರ್ ಹೆಡ್ ಬಿಗಿದಂತೆಯೇ ಒತ್ತುವ ದಪ್ಪ ಫಲಕ) ಕೂರಿಸಿರಿ, ಬ್ಲಾಕನ್ನು ಮಟ್ಟಸವಾಗಿಟ್ಟು ಸುರಿಯಿರಿ. ತೆಳು ತಂತಿಯಿಂದ ಸಿಲಿಂಡರ್‌ಗಳ ನಡುವೆ ಮೆಲ್ಲಗೆ ಕುಟ್ಟುತ್ತಾ ಹೋದರೆ ಒಳಗಿನ ಗಾಳಿ ಗುಳ್ಳೆಗಳಾಗಿ ಮೇಲೆ ಬರುತ್ತದೆ. ಗುಳ್ಳೆ ನಿಂತ ಮೇಲೂ ಒಂದು ಸುತ್ತು ಕುಟ್ಟಿರಿ. ಬೋರ್ ಕೊರೆಯುವ ಬೋರಿಂಗ್, ಅದನ್ನು ಉಜ್ಜಿ ನಯಗೊಳಿಸುವ ಹೋನಿಂಗ್ ಎಲ್ಲ ಗಟ್ಟಿಯಾದ ಮೇಲೆಯೇ. ಮೊದಲೇ ಹೋನ್ ಮಾಡಿದ್ದರೆ ಫಿಲ್ಲರ್ ಬೋರನ್ನು ಸ್ವಲ್ಪ ಸರಿಸಿ ಅಳತೆ ಕೆಡಿಸುತ್ತದೆ.

ಈಗ ನನ್ನ ಮುಖ್ಯ ತಕರಾರು. ಫೋರ್ಡ್ 302 ಬ್ಲಾಕ್ ಸುಮಾರು 500 ಅಶ್ವಶಕ್ತಿ ದಾಟಿದರೆ ಮೇನ್ ಬೇರಿಂಗ್‌ ಜಾಗದಿಂದ ಲಿಫ್ಟರ್ ವ್ಯಾಲಿಯವರೆಗೆ (ಎರಡು ಸಿಲಿಂಡರ್ ಸಾಲುಗಳ ನಡುವಿನ ತಗ್ಗು) ಸೀಳುತ್ತದೆ ಎಂಬುದು ಎಂಜಿನ್ ಕಟ್ಟುವವರಿಗೆಲ್ಲ ಗೊತ್ತು. ಆ ಸೀಳಿಗೂ ವಾಟರ್ ಜಾಕೆಟ್‌ಗೂ ಸಂಬಂಧವಿಲ್ಲ. ಆದರೂ ಫಿಲ್ಲರ್ ತುಂಬಿಸಿ ಧೈರ್ಯವಾಗಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸುವವರಿದ್ದಾರೆ. ಅಂಥವರು ಆ ಹಣವನ್ನು ಡಾರ್ಟ್‌ನಂಥ ಕಂಪನಿಯ ದಪ್ಪ ರೇಸ್ ಬ್ಲಾಕಿಗೆ ಹಾಕಲಿ.

ಸುರಿಯುವ ಮೊದಲು ಗೋಡೆಯ ದಪ್ಪವನ್ನು ಅಲ್ಟ್ರಾಸಾನಿಕ್‌ನಲ್ಲಿ ಅಳೆಸಿ. ತೀರಾ ತೆಳುವಾಗಿದ್ದರೆ ಸ್ಲೀವ್ (ಬೋರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ. ಒಮ್ಮೆ ಗಟ್ಟಿಯಾದ ಫಿಲ್ಲರನ್ನು ಹೊರತೆಗೆಯಲು ಬರುವುದಿಲ್ಲ.