ಕನ್ನಡ ಮಾಧ್ಯಮದ ಮಗಳು ಪ್ಲಸ್ ಒನ್ ವಿಜ್ಞಾನಕ್ಕೆ ಸೇರಬಹುದೇ?

ಓದುಗರ ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ ಪಂಚಾಯತು. ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ಗಣಿತ, ವಿಜ್ಞಾನದಲ್ಲಿ ಒಳ್ಳೆಯ ಅಂಕ ಬರುತ್ತಿದೆ. ಪ್ಲಸ್ ಒನ್‌ನಲ್ಲಿ ಅಂದರೆ ಹನ್ನೊಂದನೆಯ ತರಗತಿಯಲ್ಲಿ ಸಯನ್ಸ್ ತೆಗೆದುಕೊಳ್ಳಬೇಕೆಂದು ಅವಳ ಆಸೆ. ಆದರೆ ‘ಕನ್ನಡ ಮಾಧ್ಯಮದವರಿಗೆ ಸಯನ್ಸ್ ಎಳೆಯಲು ಆಗುವುದಿಲ್ಲ, ಕಾಮರ್ಸಿಗೆ ಹಾಕಿ, ಇಲ್ಲವಾದರೆ ಮಂಗಳೂರಿಗೆ ಕಳುಹಿಸಿ’ ಎಂದು ನೆಂಟರೆಲ್ಲ ಹೇಳುತ್ತಾರೆ. ನಾವು ಹೆಚ್ಚು ಓದಿದವರಲ್ಲ. ಏನು ಮಾಡಬೇಕು?

ಉತ್ತರ: ಅವಳಿಗೆ ಆಸೆ ಇದೆ, ಅಂಕವೂ ಇದೆ. ಸಯನ್ಸಿಗೇ ಸೇರಿಸಿ. ಹೈಯರ್ ಸೆಕೆಂಡರಿಯಲ್ಲಿ ಬಹಳ ವರ್ಷ ಭೌತಶಾಸ್ತ್ರ ಕಲಿಸಿದವಳಾಗಿ ಈ ಮಾತನ್ನು ಹೇಳುತ್ತಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ಮೂರು ತಿಂಗಳು ಕಷ್ಟಪಡುವುದನ್ನು ನೋಡಿದ್ದೇನೆ. ಅದೇ ಮಕ್ಕಳು ಎರಡನೆಯ ವರ್ಷ ತರಗತಿಯ ಮುಂದಿನ ಸಾಲಿಗೆ ಬಂದದ್ದನ್ನೂ ನೋಡಿದ್ದೇನೆ. ಆ ಮೂರು ತಿಂಗಳಲ್ಲಿ ನಡೆಯುವುದೇನು ಎಂಬುದನ್ನು ಹೆತ್ತವರು ಮೊದಲೇ ತಿಳಿದುಕೊಂಡರೆ ಅರ್ಧ ಭಯ ಕಳೆಯುತ್ತದೆ.

ಎಲ್ಲರೂ ಇಂಗ್ಲಿಷಿನ ಮೇಲೆ ತಪ್ಪು ಹೊರಿಸುತ್ತಾರೆ. ಪ್ಲಸ್ ಒನ್‌ನಲ್ಲಿ ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ನಿಜ. ಆದರೆ ಅದು ಮಲಯಾಳ ಮಾಧ್ಯಮದಿಂದ ಬಂದ ಮಗುವಿಗೂ ಹೊಸತೇ. ನಮ್ಮ ಮಕ್ಕಳಿಗೆ ಮಾತ್ರ ಇನ್ನೊಂದು ಹೊಳೆ ದಾಟುವುದಿದೆ. ಇಂಗ್ಲಿಷ್ ಪುಸ್ತಕವನ್ನು ಅಧ್ಯಾಪಕರು ಬಾಯಿಮಾತಿನಲ್ಲಿ ಬಿಡಿಸಿ ಹೇಳುವುದು ಮಲಯಾಳದಲ್ಲಿ. ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಗು ಒಂದೇ ದಿನ ಎರಡು ಭಾಷೆಗಳ ನಡುವೆ ನಿಂತುಬಿಡುತ್ತದೆ. ಪೇಟೆಯ ಮಲಯಾಳ ಅದಕ್ಕೆ ಬರುತ್ತದೆ, ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾತನಾಡುತ್ತದೆ. ವಿಜ್ಞಾನದ ಮಲಯಾಳ ಮಾತ್ರ ಬೇರೆಯೇ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕನ್ನಡ ಪುಸ್ತಕದಲ್ಲಿ ದೂರವನ್ನು ಕಾಲದಿಂದ ಭಾಗಿಸಿದರೆ ಬರುವುದು ‘ಜವ’. ಅದಕ್ಕೆ ದಿಕ್ಕೂ ಸೇರಿದರೆ ‘ವೇಗ’. ಮಲಯಾಳದಲ್ಲಿ ಮೊದಲನೆಯದು ‘ವೇಗಂ’, ಎರಡನೆಯದು ‘ಪ್ರವೇಗಂ’. ಅಂದರೆ ನಮ್ಮ ವೇಗವೂ ಅವರ ವೇಗವೂ ಒಂದಲ್ಲ. ಪ್ಲಸ್ ಒನ್ ಭೌತಶಾಸ್ತ್ರ ಶುರುವಾದ ಕೆಲವೇ ದಿನಗಳಲ್ಲಿ ಬರುವ ಪಾಠ ಸರಳರೇಖೆಯ ಚಲನೆ. ಬದಿಯಡ್ಕದ ಕಡೆಯ ಒಬ್ಬ ಹುಡುಗಿ ಮೊದಲ ಕಿರುಪರೀಕ್ಷೆಯಲ್ಲಿ ಈ ಎರಡನ್ನೂ ತಲೆಕೆಳಗು ಮಾಡಿ ಬರೆದಿದ್ದಳು. ಅವಳ ನೋಟ್ ಪುಸ್ತಕ ತೆಗೆಸಿ ನೋಡಿದೆ. ಪಾಠ ಕೇಳುತ್ತಾ ಕನ್ನಡ ಅಕ್ಷರದಲ್ಲಿ ‘ವೇಗ’ ಎಂದು ಬರೆದುಕೊಂಡಿದ್ದಾಳೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಚಿಹ್ನೆ. ‘ಟೀಚರ್, ಇದು ನನಗೆ ಒಂಬತ್ತರಲ್ಲಿ ಚೆನ್ನಾಗಿ ಬರುತ್ತಿತ್ತು, ಈಗ ಮರೆತುಹೋಗಿದೆ’ ಎಂದಳು. ಅವಳು ಏನನ್ನೂ ಮರೆತಿರಲಿಲ್ಲ. ಗೊತ್ತಿದ್ದದ್ದನ್ನೇ ಗೊತ್ತಿಲ್ಲವೆಂದು ನಂಬಿಬಿಟ್ಟಿದ್ದಳು. ನಮ್ಮ ಮಕ್ಕಳು ಸೋಲುವುದು ಈ ಜಾಗದಲ್ಲಿ. ಸಂಶಯ ಬಂದರೂ ಕೈ ಎತ್ತಿ ಕೇಳುವುದಿಲ್ಲ, ತಮ್ಮ ಮಲಯಾಳ ಕೇಳಿ ಉಳಿದವರು ನಕ್ಕಾರು ಎಂಬ ಅಂಜಿಕೆ.

ಆದ್ದರಿಂದ ಮಗಳ ಕೈಗೆ ಇಂದೇ ಒಂದು ಇನ್ನೂರು ಪುಟದ ಪುಸ್ತಕ ಕೊಡಿ. ಪುಟಕ್ಕೆ ಮೂರು ಕಲಂ ಗೆರೆ ಎಳೆಯಲಿ: ಕನ್ನಡ, ಇಂಗ್ಲಿಷ್, ಮಲಯಾಳ. ಹತ್ತನೆಯ ತರಗತಿಯ ಪಾಠ ಓದುವಾಗಲೇ ಪಾರಿಭಾಷಿಕ ಪದ ಬಂದ ಹಾಗೆ ತುಂಬಿಸುತ್ತಾ ಹೋಗಲಿ. ವೇಗೋತ್ಕರ್ಷ, ಆಕ್ಸಿಲರೇಶನ್, ತ್ವರಣಂ. ಸಂವೇಗ, ಮೊಮೆಂಟಮ್, ಆಕ್ಕಂ. ಅಣು, ಮಾಲಿಕ್ಯೂಲ್, ತನ್ಮಾತ್ರ. ಸಮೀಕರಣ, ಇಕ್ವೇಶನ್, ಸಮವಾಕ್ಯಂ. ಕೆಲವು ಪದಗಳು ಸುಲಭವಾಗಿ ಹೊಂದುತ್ತವೆ. ನಮ್ಮ ಬಲ ಅವರಿಗೂ ಬಲ, ನಮ್ಮ ಸಾಂದ್ರತೆ ಅವರಿಗೆ ಸಾಂದ್ರತ. ಕೆಲವು ಮೋಸ ಮಾಡುತ್ತವೆ. ಭೌತಶಾಸ್ತ್ರದ ‘ಕೆಲಸ’ಕ್ಕೆ ಮಲಯಾಳದಲ್ಲಿ ‘ಪ್ರವೃತ್ತಿ’ ಎನ್ನುತ್ತಾರೆ. ಕನ್ನಡದಲ್ಲಿ ಪ್ರವೃತ್ತಿ ಎಂದರೆ ಮನಸ್ಸಿನ ಒಲವು. ಇಂಥ ಪದಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಲಿ. ಮಲಯಾಳದ ಕಲಂ ತುಂಬಿಸಲು ಟ್ಯೂಷನ್ ಬೇಡ. ಪಕ್ಕದ ಮನೆಯ ಮಲಯಾಳ ಮಾಧ್ಯಮದ ಮಗುವಿನ ಪಾಠಪುಸ್ತಕ ಸಂಜೆ ಒಂದು ಗಂಟೆ ಕೇಳಿ ತಂದರೆ ಸಾಕು. ಪಾಠವೂ ಅದೇ, ಚಿತ್ರವೂ ಅದೇ, ಭಾಷೆ ಮಾತ್ರ ಬೇರೆ. ಇಂಗ್ಲಿಷ್ ಮಾಧ್ಯಮದ ಪುಸ್ತಕಕ್ಕೂ ಇದೇ ಉಪಾಯ.

ಎಸ್‌ಎಸ್‌ಎಲ್‌ಸಿ ಮಾರ್ಚ್ ಕೊನೆಗೆ ಮುಗಿಯುತ್ತದೆ, ಪ್ಲಸ್ ಒನ್ ತರಗತಿ ಶುರುವಾಗುವಾಗ ಜೂನ್ ಅರ್ಧ ಕಳೆದಿರುತ್ತದೆ. ಈ ಎರಡೂವರೆ ತಿಂಗಳು ಬಂಗಾರದಂಥದ್ದು. ಮೊದಲ ಎರಡು ವಾರ ಮಗು ನಿದ್ದೆ ಮಾಡಲಿ, ಅಜ್ಜಿಮನೆಗೆ ಹೋಗಲಿ. ಆಮೇಲೆ ದಿನಕ್ಕೆ ಒಂದೂವರೆ ಗಂಟೆ ಪ್ಲಸ್ ಒನ್ ಪುಸ್ತಕ ಹಿಡಿದು ಕುಳಿತುಕೊಳ್ಳಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡರಲ್ಲೂ ಮೊದಲ ಎರಡೆರಡು ಪಾಠ. ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಓದಿ, ಪುಸ್ತಕ ಮುಚ್ಚಿ, ಕನ್ನಡದಲ್ಲಿ ತಾಯಿಗೆ ಹೇಳಲಿ. ನೀವು ಹೆಚ್ಚು ಓದಿದವರಲ್ಲ ಎಂದು ಬರೆದಿದ್ದೀರಿ. ಕೇಳಿಸಿಕೊಳ್ಳಲು ಓದು ಬೇಕಾಗಿಲ್ಲ. ‘ಅದು ಹಾಗೇಕೆ?’ ಎಂದು ನೀವು ಒಂದು ಸಲ ಕೇಳಿದರೆ ಅವಳಿಗೆ ತಾನೇ ಎಲ್ಲಿ ತಡವರಿಸುತ್ತಿದ್ದೇನೆ ಎಂದು ಗೊತ್ತಾಗುತ್ತದೆ.

ಇನ್ನು ಪ್ರವೇಶದ ವಿಷಯ. ಕೇರಳದಲ್ಲಿ ಪ್ಲಸ್ ಒನ್ ಸೀಟು ಏಕಗವಾಕ್ಷಿಯಲ್ಲಿ ಆನ್‌ಲೈನ್ ಅರ್ಜಿಯ ಮೂಲಕ ಸಿಗುತ್ತದೆ. ಎಸ್‌ಎಸ್‌ಎಲ್‌ಸಿಯ ಒಟ್ಟು ಗ್ರೇಡಿನ ಜೊತೆಗೆ, ಆರಿಸಿಕೊಂಡ ವಿಭಾಗಕ್ಕೆ ಸಂಬಂಧಿಸಿದ ವಿಷಯಗಳ ಗ್ರೇಡಿಗೆ ಹೆಚ್ಚು ತೂಕ. ಅದೇ ಶಾಲೆ, ಅದೇ ಪಂಚಾಯತು, ಅದೇ ತಾಲೂಕು ಎಂಬುದಕ್ಕೆ ಬೋನಸ್ ಅಂಕವಿದೆ. ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದಲ್ಲಿ ಕುಳಿತವರು ಅವಸರದಲ್ಲಿ ತುಂಬಿಸುವ ಮೊದಲು, ಶಾಲೆಗಳ ಪಟ್ಟಿಯನ್ನು ಮನೆಯಲ್ಲೇ ಕಾಗದದ ಮೇಲೆ ಬರೆದುಕೊಂಡು ಹೋಗಿ. ನಿಜವಾಗಿಯೂ ಸೇರಬೇಕೆಂದಿರುವ ಶಾಲೆಯೇ ಮೊದಲನೆಯ ಸಾಲಿನಲ್ಲಿರಲಿ. ಮೊದಲ ಆಯ್ಕೆ ಸಿಕ್ಕಿದ ಮೇಲೆ ಅಲ್ಲಿ ಶುಲ್ಕ ಕಟ್ಟಿ ಖಾಯಂ ಆಗಿ ಸೇರಲೇಬೇಕು, ಸೇರದಿದ್ದರೆ ಮುಂದಿನ ಅಲಾಟ್‌ಮೆಂಟಿನಿಂದ, ಅಂದರೆ ಸೀಟು ಹಂಚಿಕೆಯಿಂದ ಹೊರಗೆ. ಕೆಳಗಿನ ಆಯ್ಕೆ ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು. ಮೊದಲು ಬರುವ ಟ್ರಯಲ್ ಅಲಾಟ್‌ಮೆಂಟ್ ಇರುವುದೇ ತಪ್ಪು ತಿದ್ದಿಕೊಳ್ಳಲು. ಅದನ್ನು ಖಂಡಿತ ತೆರೆದು ನೋಡಿ.

ಆ ಪಟ್ಟಿ ಮಾಡುವಾಗ ನಮ್ಮವರು ಹೆಚ್ಚಾಗಿ ಮರೆಯುವ ಒಂದು ಸಂಗತಿಯಿದೆ. ಆ ಶಾಲೆಯಲ್ಲಿ ಎರಡನೆಯ ಭಾಷೆಯಾಗಿ ಕನ್ನಡ ಇದೆಯೇ? ಎಲ್ಲ ಶಾಲೆಗಳಲ್ಲೂ ಇರುವುದಿಲ್ಲ. ಕಟ್ಟಡ ನೋಡಿ, ಹೆಸರು ಕೇಳಿ ಸೇರಿಸಿದ ಮೇಲೆ ‘ಇಲ್ಲಿ ಹಿಂದಿ, ಮಲಯಾಳ ಮಾತ್ರ’ ಎಂದಾಗ ಹತ್ತು ವರ್ಷದ ಕನ್ನಡ ಅಲ್ಲಿಗೇ ನಿಂತುಹೋಗುತ್ತದೆ. ಮನಸ್ಸಿಗೆ ಆಗುವ ನೋವು ಒಂದು ಕಡೆ, ಅಂಕದ ನಷ್ಟವೂ ಇದೆ. ವಿಜ್ಞಾನದ ಒತ್ತಡದ ನಡುವೆ ಮಗು ನಿರಾಳವಾಗಿ ಬರೆಯಬಹುದಾದ ಪತ್ರಿಕೆ ಅದೊಂದೇ. ಪ್ಲಸ್ ಒನ್, ಪ್ಲಸ್ ಟು ಎರಡೂ ವರ್ಷದ ಪಬ್ಲಿಕ್ ಪರೀಕ್ಷೆಯ ಅಂಕ ಒಟ್ಟು ಸೇರುತ್ತದೆ ಎಂಬುದು ನೆನಪಿರಲಿ. ಮೊದಲ ವರ್ಷ ಸೋಮಾರಿತನ ಮಾಡಿ ಎರಡನೆಯ ವರ್ಷ ಎದ್ದು ನಿಲ್ಲುವುದು ಇಲ್ಲಿ ಕಷ್ಟ.

ಮಂಗಳೂರಿನ ಮಾತಿಗೆ ಬರೋಣ. ಬೆಳಗ್ಗಿನ ರೈಲಿನಲ್ಲಿ ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ಎಷ್ಟು ಮಕ್ಕಳು ಆ ಕಡೆ ಹೋಗುತ್ತಾರೆ ಎಂಬುದು ನಿಮಗೆ ಗೊತ್ತು. ಅಲ್ಲಿ ವಿವರಣೆ ಕನ್ನಡದಲ್ಲಿ ಸಿಗಬಹುದು, ಅದು ದೊಡ್ಡ ಅನುಕೂಲವೇ. ಪುಸ್ತಕ ಅಲ್ಲಿಯೂ ಇಂಗ್ಲಿಷೇ. ಆದರೆ ‘ಎರಡು ವರ್ಷ ಪಿಯುಸಿ ಅಲ್ಲಿ ಓದಿದರೆ ಕರ್ನಾಟಕದ ಸಿಇಟಿ ಸೀಟು ಸಿಗುತ್ತದೆ’ (ಸಿಇಟಿ ಎಂದರೆ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಎಂದು ಯಾರಾದರೂ ಹೇಳಿದ್ದರೆ ಅದು ಪೂರ್ತಿ ಸರಿಯಲ್ಲ. ಕರ್ನಾಟಕದ ಸರ್ಕಾರಿ ಕೋಟಾದ ಸೀಟಿಗೆ ಸಾಮಾನ್ಯ ನಿಯಮ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬುದು. ನಮ್ಮ ಮಕ್ಕಳಿಗೆ ಬಾಗಿಲು ತೆರೆಯುವುದು ಬೇರೊಂದು ನಿಯಮ, ಗಡಿನಾಡ ಕನ್ನಡಿಗರ ನಿಯಮ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳೂ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳೂ ಅದರಲ್ಲಿ ಬರುತ್ತವೆ. ಈ ನಿಯಮದಲ್ಲಿ ಅರ್ಜಿ ಹಾಕುವವರು ಸಿಇಟಿಯ ಜೊತೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. 50 ಅಂಕದ ಪತ್ರಿಕೆ, 12 ಅಂಕ ಬಂದರೆ ಅರ್ಹತೆ. ಕನ್ನಡದಲ್ಲೇ ಓದಿದ ನಿಮ್ಮ ಮಗಳಿಗೆ ಅದು ನೀರು ಕುಡಿದಷ್ಟು ಸುಲಭ. ಎರಡನೆಯ ಭಾಷೆಯಾಗಿ ಕನ್ನಡವನ್ನು ಬಿಡಬೇಡಿ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ. ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಗಡಿನಾಡ ಕನ್ನಡಿಗರ ಷರತ್ತು, ಕೇಳಿರುವ ವಾಸ ಮತ್ತು ವ್ಯಾಸಂಗದ ದಾಖಲೆ ಇಷ್ಟನ್ನೂ ಪೂರ್ತಿ ಓದಿದ ಮೇಲೆಯೇ ಶಾಲೆ ಬದಲಿಸುವ ನಿರ್ಧಾರ ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ, ಮನೆಯ ಹತ್ತಿರ ಕನ್ನಡ ಭಾಷೆಯಿರುವ ಸಯನ್ಸ್ ಸೀಟು ಸಿಕ್ಕಿದರೆ ಮಗಳನ್ನು ಅಲ್ಲೇ ಓದಿಸಿ. ದಿನಕ್ಕೆ ಮೂರು ಗಂಟೆ ಬಸ್ಸು, ರೈಲಿನಲ್ಲಿ ಕಳೆದ ಮಗು ಸಂಜೆ ಪುಸ್ತಕ ತೆರೆಯುವಾಗ ಕಣ್ಣು ಎಳೆಯುತ್ತಿರುತ್ತದೆ. ಹಾಸ್ಟೆಲಿನ ಖರ್ಚು ಬೇರೆ.

ಮುಂದೆ ಏನಾಗಬೇಕೆಂದು ಈಗಲೇ ತೀರ್ಮಾನಿಸಬೇಕಾಗಿಲ್ಲ, ಆದರೆ ಕೆಲವು ಗಡಿಗೆರೆಗಳು ಗೊತ್ತಿರಲಿ. ಪ್ಲಸ್ ಟು ಉತ್ತೀರ್ಣಳಾಗಲು ಡಿ ಪ್ಲಸ್, ಅಂದರೆ ಶೇಕಡಾ 30 ಸಾಕು. ಎಂಜಿನಿಯರಿಂಗಿಗೆ ಸಾಮಾನ್ಯ ವರ್ಗದವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಶೇಕಡಾ 45 ಬೇಕು, ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ 50. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಪ್ರಶ್ನೆಪತ್ರಿಕೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರುತ್ತದೆ. ಕನ್ನಡದ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕೇರಳದ ಕೇಂದ್ರ ಆರಿಸಿ ಅಲ್ಲಿ ಕನ್ನಡ ಕೇಳಿದರೆ ಇರುವುದಿಲ್ಲ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದ ಮೇಲೆ ಇಂಗ್ಲಿಷ್ ಪತ್ರಿಕೆಯೇ ಮೇಲು ಎಂಬುದು ನನ್ನ ಅನುಭವ.

ವೈದ್ಯರು, ಎಂಜಿನಿಯರುಗಳು ಮಾತ್ರ ಗುರಿಯಲ್ಲ. 1957ರಲ್ಲಿ ಆರಂಭವಾದ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನದ ಪದವಿಯಿದೆ, ಕನ್ನಡ ಎಂಎ ಕೂಡ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರ್ಕಾರಿ ಕಾಲೇಜಿದೆ. 2024ರಿಂದ ಕೇರಳದಲ್ಲಿ ಪದವಿ ನಾಲ್ಕು ವರ್ಷದ್ದಾಗಿದೆ, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರುವ ಅವಕಾಶವೂ ಇದೆ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಮಕ್ಕಳು, ಹೆತ್ತವರು ಪ್ರತಿಭಟನೆಗೆ ಕುಳಿತದ್ದು ನಿಮಗೂ ನೆನಪಿರಬಹುದು. ಸರ್ಕಾರಿ ಹುದ್ದೆಗಳಿಗೆ ಆಯ್ಕೆ ಮಾಡುವ ಕೇರಳ ಪಿಎಸ್‌ಸಿ ಕನ್ನಡ ಮಾಧ್ಯಮದ ಗಣಿತ, ವಿಜ್ಞಾನ ಅಧ್ಯಾಪಕ ಹುದ್ದೆಗಳಿಗೆ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಕನ್ನಡದಲ್ಲಿ ವಿಜ್ಞಾನ ಕಲಿತು, ಕನ್ನಡದಲ್ಲೇ ಕಲಿಸಬಲ್ಲವರು ನಮ್ಮಲ್ಲಿ ಎಷ್ಟು ಜನರಿದ್ದರೂ ಸಾಲದು. ‘ಕನ್ನಡ ಮಾಧ್ಯಮ’ ಎಂದು ನೆಂಟರು ಕೊರತೆಯಾಗಿ ಎಣಿಸುತ್ತಿರುವುದು ಅಲ್ಲಿ ಅವಳ ಅರ್ಹತೆಯಾಗುತ್ತದೆ.

ಮನೆಯಲ್ಲಿ ಎಂಟನೆಯ ತರಗತಿಯ ತಮ್ಮನೋ ತಂಗಿಯೋ ಇದ್ದರೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ.

ಕೊನೆಗೆ ಈ ವಾರವೇ ಮಾಡಬೇಕಾದ ಒಂದು ಕೆಲಸ. ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರದಲ್ಲಿ ಅಚ್ಚಾಗುವ ಹೆಸರು ಶಾಲೆಯ ‘ಸಂಪೂರ್ಣ’ ಎಂಬ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಿಂದ ಹೋಗುತ್ತದೆ. ಕನ್ನಡದ ಹೆಸರುಗಳು ಇಂಗ್ಲಿಷ್, ಮಲಯಾಳಕ್ಕೆ ಹೋಗುವಾಗ ಒಂದೊಂದು ಅಕ್ಷರ ಕಳೆದುಕೊಳ್ಳುತ್ತವೆ, ಇಲ್ಲವೇ ಇನಿಷಿಯಲ್ ಹಿಂದುಮುಂದಾಗುತ್ತದೆ. ನನ್ನ ಒಬ್ಬ ವಿದ್ಯಾರ್ಥಿಯ ಆಧಾರಿನಲ್ಲಿ ಮನೆತನದ ಹೆಸರು ಪೂರ್ತಿಯಾಗಿತ್ತು, ಪ್ರಮಾಣಪತ್ರದಲ್ಲಿ ಒಂದೇ ಅಕ್ಷರ. ಕಾಲೇಜು ಪ್ರವೇಶದ ದಿನ ಅವನ ತಂದೆ ಅಡಿಕೆ ಕೊಯ್ಲು ಬಿಟ್ಟು ಮೂರು ಕಚೇರಿ ಅಲೆದರು. ಮಗಳ ಆಧಾರ್, ಜನನ ಪ್ರಮಾಣಪತ್ರ, ರೇಷನ್ ಕಾರ್ಡು ಹಿಡಿದುಕೊಂಡು ಶಾಲೆಗೆ ಹೋಗಿ. ಕ್ಲಾಸ್ ಟೀಚರ ಎದುರು ಕುಳಿತು ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಒಂದೊಂದಾಗಿ ಅಕ್ಷರ ಕೂಡಿಸಿ ನೋಡಿ. ಪರೀಕ್ಷೆಯ ಪಟ್ಟಿ ಮೇಲೆ ಹೋಗುವ ಮೊದಲು ತಿದ್ದಲು ಐದು ನಿಮಿಷ ಸಾಕು.