ಫಾರ್ಮುಲಾ ಉದ್ದವಾಯ್ತು, ಪಕ್ಕದ ಸೆಲ್‌ಗಳೇ ಕಾಣ್ತಿಲ್ಲ!

ಓದುಗರ ಪ್ರಶ್ನೆ: ಎಕ್ಸೆಲ್‌ನಲ್ಲಿ ನಮ್ಮ ತರಗತಿಯ ಅಂಕಪಟ್ಟಿ ಮಾಡಿಕೊಂಡಿದ್ದೇನೆ. ಗ್ರೇಡ್ ಹಾಕುವ ಫಾರ್ಮುಲಾ ತುಂಬಾ ಉದ್ದ. ತಿದ್ದೋಣ ಅಂತ ಡಬಲ್ ಕ್ಲಿಕ್ ಮಾಡಿದರೆ ಅಕ್ಕಪಕ್ಕದ ಸೆಲ್‌ಗಳ ಮೇಲೆಲ್ಲ ಹರಡಿಕೊಳ್ಳುತ್ತದೆ. ನನಗೆ ಬೇಕಾದ ಸೆಲ್ ಅದರಡಿ ಮುಚ್ಚಿಹೋಗಿರುತ್ತದೆ. ಏನಾದರೂ ದಾರಿ ಇದೆಯಾ?

ಉತ್ತರ: ಇದೆ. ಮೊದಲು ಆ ಡಬಲ್ ಕ್ಲಿಕ್ ಅಭ್ಯಾಸ ಬಿಡಿ.

ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ಆ ಸೆಲ್‌ನ ಒಳಗೇ ಫಾರ್ಮುಲಾ ಬಿಚ್ಚಿಡುತ್ತದೆ. ಜಾಗ ಸಾಲದಿದ್ದರೆ ಪಕ್ಕದವರ ಜಾಗಕ್ಕೆ ನುಗ್ಗುತ್ತದೆ. ಸಾಮಾನ್ಯವಾಗಿ ಬಲಗಡೆಗೆ. ಸೆಲ್ ಅನ್ನು ಬಲಕ್ಕೆ ಅಲೈನ್ ಮಾಡಿದ್ದರೆ ಎಡಗಡೆಗೆ. ಅಂಕಗಳಿರುವುದೂ ಎಡಗಡೆಯೇ, ಅಲ್ವಾ? ನಿಮ್ಮ ಗೋಳು ಅಲ್ಲೇ ಇರಬೇಕು.

ಅದರ ಬದಲು ಸೆಲ್ ಮೇಲೆ ಒಂದೇ ಸಲ ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಬಾರ್‌ಗೆ ಹೋಗಿ ತಿದ್ದಿ. ಬಾರ್ ಚಿಕ್ಕದಾಯ್ತು ಅನಿಸಿದರೆ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, ದೊಡ್ಡದಾಗುತ್ತದೆ. ಇನ್ನೂ ಬೇಕಾದರೆ ಅದರ ಕೆಳಗಿನ ಅಂಚು ಹಿಡಿದು ಎಳೆಯಿರಿ. ಬಾರ್ ಹಿಗ್ಗಿದಷ್ಟು ಹಾಳೆ ಕೆಳಗೆ ಸರಿಯುತ್ತದೆ, ಯಾವ ಸೆಲ್ಲೂ ಮುಚ್ಚುವುದಿಲ್ಲ.

ಕೈ ತಪ್ಪಿ ಡಬಲ್ ಕ್ಲಿಕ್ ಆಗುತ್ತಲೇ ಇರುತ್ತದೆ ಅನ್ನುವವರು ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಸೆಲ್‌ನಲ್ಲೇ ನೇರ ಎಡಿಟ್ ಮಾಡಲು ಬಿಡುವ ಟಿಕ್ ತೆಗೆದುಬಿಡಿ. ಆಮೇಲೆ ಎಫ್2 ಒತ್ತಿದರೆ ಕರ್ಸರ್ ಸೀದಾ ಬಾರ್‌ಗೇ ಹೋಗುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಫಾರ್ಮುಲಾ ಯಾವ ಸೆಲ್‌ಗಳನ್ನು ಬಳಸಿದೆಯೋ ಅಲ್ಲಿಗೆ ಕರೆದೊಯ್ಯುತ್ತದೆ. ನನಗಂತೂ ಇದು ಪುಕ್ಕಟೆ ಲಾಭ.

ಇನ್ನು ಓದುವ ಕಷ್ಟ. ಇಫ್ (IF, ‘ಹೀಗಿದ್ದರೆ ಹೀಗೆ’ ಅನ್ನುವ ಫಂಕ್ಷನ್) ಒಳಗೆ ಇಫ್, ಅದರೊಳಗೆ ಮತ್ತೊಂದು ಇಫ್. ಹೀಗೆ 64 ಪದರದವರೆಗೆ ಎಕ್ಸೆಲ್ ಬಿಡುತ್ತದೆ, ಒಟ್ಟು 8192 ಅಕ್ಷರದವರೆಗೆ. ಬಿಡುತ್ತದೆ ಅಂತ ಬರೆಯಬೇಕಾಗಿಲ್ಲ, ಆ ಮಾತು ಬೇರೆ! ಪ್ರತಿ ಇಫ್ ಮುಂದೆ ಕರ್ಸರ್ ಇಟ್ಟು ಆಲ್ಟ್ ಹಿಡಿದು ಎಂಟರ್ ಒತ್ತಿ. ಅಲ್ಲಿಂದ ಹೊಸ ಸಾಲು ಶುರುವಾಗುತ್ತದೆ. ಮುಂದೆ ನಾಲ್ಕು ಸ್ಪೇಸ್ ಬಿಟ್ಟರೂ ಉತ್ತರ ಬದಲಾಗುವುದಿಲ್ಲ. ‘90 ದಾಟಿದರೆ ಎ ಪ್ಲಸ್’ ಒಂದು ಸಾಲು, ‘80 ದಾಟಿದರೆ ಎ’ ಮುಂದಿನ ಸಾಲು. ಎಲ್ಲಿ ಕಾಮಾ ಬಿಟ್ಟಿದ್ದೀರಿ ಅಂತ ಕಣ್ಣಿಗೇ ಹೊಡೆಯುತ್ತದೆ. ಗೂಗಲ್ ಶೀಟ್ಸ್‌ನಲ್ಲಾದರೆ ಕಂಟ್ರೋಲ್ ಜೊತೆ ಎಂಟರ್.

ಇಲ್ಲಿ ನಾನೇ ಒಮ್ಮೆ ಗಾಬರಿಯಾಗಿದ್ದೆ. ಸಾಲು ಸಾಲಾಗಿ ಚೆಂದ ಮಾಡಿಟ್ಟು, ಮರುದಿನ ನೋಡಿದರೆ ಫಾರ್ಮುಲಾ ಅರ್ಧಕ್ಕರ್ಧ ಮಾಯ! ಆಗಿದ್ದಿಷ್ಟೇ: ಬಾರ್ ಒಂದು ಸಾಲಿಗೆ ಮಡಚಿಕೊಂಡಿತ್ತು, ಮೊದಲ ಸಾಲು ಮಾತ್ರ ಕಾಣುತ್ತಿತ್ತು.

ಟೈಪ್ ಮಾಡುವಾಗ ಕೆಳಗೆ ತೇಲುವ ಆ ಹಳೇ ಕಾಟ, ಫಂಕ್ಷನ್‌ನ ಸುಳಿವು ಪಟ್ಟಿ, ಕಾಲಂ ಹೆಸರುಗಳನ್ನೇ ಮುಚ್ಚುತ್ತದೆಯೇ? ಅದರ ಅಂಚು ಹಿಡಿದು ಪಕ್ಕಕ್ಕೆ ಎಳೆಯಬಹುದು. ಬಾಣದ ಕೀ ಒತ್ತಿದರೆ ಕರ್ಸರ್ ಸರಿಯುವ ಬದಲು ಸುಮ್ನೆ ಯಾವುದೋ ಸೆಲ್ ಹೆಸರು ಬಂದು ಕೂತರೆ, ಅದನ್ನು ಅಳಿಸಿ, ಒಮ್ಮೆ ಎಫ್2 ಒತ್ತಿ ಮುಂದುವರಿಸಿ.

ಒಂದು ತುಣುಕಿನ ಉತ್ತರ ಎಷ್ಟು ಬರುತ್ತದೆ ನೋಡಬೇಕಾದರೆ, ಅಷ್ಟನ್ನೇ ಸೆಲೆಕ್ಟ್ ಮಾಡಿ ಎಫ್9 ಒತ್ತಿ. ನೋಡಿದ ಮೇಲೆ ಎಸ್ಕೇಪ್ ಒತ್ತಲೇಬೇಕು. ಎಂಟರ್ ಒತ್ತಿದಿರೋ, ಆ ತುಣುಕಿನ ಜಾಗದಲ್ಲಿ ಬರೀ ಅಂಕಿ ಉಳಿದುಬಿಡುತ್ತದೆ.

ಇಷ್ಟೆಲ್ಲ ಹೇಳಿದರೂ, ನಿಮ್ಮ ಕೆಲಸಕ್ಕೆ ಅಷ್ಟು ಇಫ್ ಬೇಕೇ ಇಲ್ಲ. ಹಾಳೆಯ ಮೂಲೆಯಲ್ಲಿ ಎರಡು ಕಾಲಂ ಇಡಿ. ಎಡಗಡೆ 0, 35, 60, 80, 90 ಅಂತ ಏರುವ ಕ್ರಮದಲ್ಲೇ ಬರೆಯಿರಿ. ಬಲಗಡೆ ಅದರದರ ಗ್ರೇಡ್. ಆಮೇಲೆ ಒಂದು ವಿಲುಕಪ್ (VLOOKUP, ಪಟ್ಟಿಯಲ್ಲಿ ಹುಡುಕಿ ಪಕ್ಕದ ಕಾಲಂನಲ್ಲಿರುವುದನ್ನು ತರುವ ಫಂಕ್ಷನ್), ಕೊನೆಯಲ್ಲಿ ಟ್ರೂ (TRUE). 89 ಬಂದ ಹುಡುಗನಿಗೆ ಅದು ತಾನೇ 80ರ ಸಾಲಿನ ಗ್ರೇಡ್ ಹಾಕುತ್ತದೆ. ಆ ಪಟ್ಟಿಯ ವಿಳಾಸಕ್ಕೆ ಎಫ್4 ಒತ್ತಿ ಡಾಲರ್ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಫಾರ್ಮುಲಾ ಕೆಳಗೆ ಎಳೆದಾಗ ಪಟ್ಟಿಯೂ ಜೊತೆಗೆ ಕೆಳಗೆ ಜಾರುತ್ತದೆ. ಮುಂದಿನ ವರ್ಷ 90 ಹೋಗಿ 85 ಆಯಿತು ಅನ್ನಿ, ಒಂದು ಸೆಲ್ ತಿದ್ದಿದರಾಯ್ತು.